ಚಾರ್ಮಾಡಿ ಇಳಿಯೋ ಮುಂಚೆ ಬ್ಯಾಟರಿ ಫುಲ್ ಮಾಡ್ಬೇಡಿ: ಘಟ್ಟದಲ್ಲಿ ಎಲೆಕ್ಟ್ರಿಕ್ ಕಾರಿನ ಲೆಕ್ಕವೇ ಬೇರೆ

ಮೂಡಿಗೆರೆ: "ಎಲೆಕ್ಟ್ರಿಕ್ ಕಾರು ಪೇಟೆಗೆ ಸರಿ ಮಾರಾಯ, ಘಟ್ಟಕ್ಕಲ್ಲ" ಅನ್ನೋ ಮಾತು ಟೀ ಅಂಗಡಿಗಳಲ್ಲಿ ಇನ್ನೂ ನಿಂತಿಲ್ಲ. ಆದರೆ ವೀಕೆಂಡ್ ಬಂತೆಂದರೆ ಹಸಿರು ನಂಬರ್ ಪ್ಲೇಟಿನ ಕಾರುಗಳು ಕೊಟ್ಟಿಗೆಹಾರ ದಾಟಿ ಧರ್ಮಸ್ಥಳದ ಕಡೆ ಇಳಿಯುತ್ತಲೇ ಇವೆ. ಘಟ್ಟ ಹತ್ತೋದು ಈ ಕಾರುಗಳಿಗೆ ಕಷ್ಟವೇ ಅಲ್ಲ. ಗೊತ್ತಿರಬೇಕಾದ ವಿಷಯ ಇರೋದು ಇಳಿಯೋದರಲ್ಲಿ. ಅದು ಕಾರಿನವರಿಗಷ್ಟೇ ಅಲ್ಲ, ಮೇಲೆ ಹೋಂಸ್ಟೇ, ಲಾಡ್ಜ್ ಇಟ್ಟುಕೊಂಡು ಚಾರ್ಜಿಂಗ್ ಕೊಡುವವರಿಗೂ ಗೊತ್ತಿರಬೇಕು.

ಮೊದಲು ಹತ್ತುವ ಲೆಕ್ಕ ನೋಡೋಣ. ಚಾರ್ಮಾಡಿಯಿಂದ ಕೊಟ್ಟಿಗೆಹಾರಕ್ಕೆ ಸುಮಾರು 25 ಕಿ.ಮೀ., ಏರುವ ಎತ್ತರ 800 ಮೀಟರ್ ಅಂತ ಹಿಡಿಯಿರಿ. ಕಾರು, ನಾಲ್ಕು ಜನ, ಲಗೇಜ್ ಎಲ್ಲಾ ಸೇರಿ 1800 ಕೆ.ಜಿ. ಆದರೆ ಅಷ್ಟು ಭಾರವನ್ನು ಮೇಲಕ್ಕೆ ಎತ್ತೋದಕ್ಕೇ ನಾಲ್ಕು ಯೂನಿಟ್ ಕರೆಂಟ್ ಬೇಕು. ಟೈರಿನ ಉಜ್ಜಾಟ, ಗಾಳಿ, ಎಸಿ, ಮೋಟರಿನಲ್ಲಿ ಆಗೋ ನಷ್ಟ ಸೇರಿಸಿದರೆ ಆರೂವರೆಯಿಂದ ಏಳು ಯೂನಿಟ್. 40 ಯೂನಿಟ್ ಬ್ಯಾಟರಿಯ ಕಾರಾದರೆ ಶೇ 17ರಷ್ಟು ಇಳಿಯುತ್ತೆ. ಬಯಲಿನಲ್ಲಿ ಅಷ್ಟೇ ದೂರಕ್ಕೆ ಖರ್ಚಾಗೋದು ಇದರ ಅರ್ಧದಷ್ಟು. ಡ್ಯಾಶ್‌ಬೋರ್ಡಿನಲ್ಲಿ "ಇನ್ನು 200 ಕಿ.ಮೀ." ಅಂತ ತೋರಿಸ್ತಿದ್ದದ್ದು ಘಟ್ಟದಲ್ಲಿ ದಬದಬ ಇಳಿಯೋದಕ್ಕೆ ಕಾರಣ ಇದು, ಬ್ಯಾಟರಿ ಕೆಟ್ಟಿದೆ ಅಂತಲ್ಲ.

ಡೀಸೆಲ್ ಕಾರಿಗೂ ಹತ್ತುವಾಗ ಇದೇ ಪಾಡು. 25 ಕಿ.ಮೀ. ಏರಿಗೆ ಹತ್ತಿರ ಹತ್ತಿರ ಎರಡು ಲೀಟರ್ ಕುಡಿಯುತ್ತೆ. ಟ್ಯಾಂಕ್ ದೊಡ್ಡದು, ಪಂಪ್ ಸಿಕ್ಕಿದರೆ ಐದು ನಿಮಿಷದ ಕೆಲಸ, ಹಾಗಾಗಿ ಯಾರೂ ಲೆಕ್ಕ ಇಡಲ್ಲ ಅಷ್ಟೇ. ಓಡಿಸೋ ಸುಖದಲ್ಲಿ ಮಾತ್ರ ಎಲೆಕ್ಟ್ರಿಕ್ ಮುಂದೆ. ತಿರುವಿನಲ್ಲಿ ಎರಡನೇ ಗೇರಿಗೆ ಹಾಕಿ ಟರ್ಬೊ ಏಳೋವರೆಗೆ ಕಾಯೋ ಕೆಲಸ ಇಲ್ಲ, ಕಾಲಿಟ್ಟ ಕೂಡಲೇ ಎಳೆಯುತ್ತೆ. ಮಳೆಗಾಲದಲ್ಲಿ ಅದೇ ಎಳೆತಕ್ಕೆ ಚಕ್ರ ಜಾರುವುದೂ ಉಂಟು, ಆಗ ಇಕೋ ಮೋಡ್ ಒಳ್ಳೇದು.

ಈಗ ಇಳಿಜಾರಿಗೆ ಬರೋಣ. "ಹತ್ತುವ ಗೇರಿನಲ್ಲೇ ಇಳಿ" ಅಂತ ಹಳೇ ಡ್ರೈವರುಗಳು ಹೇಳೋದು ಸುಮ್ಮನೆ ಅಲ್ಲ. ಡೀಸೆಲ್ ಗಾಡಿಯನ್ನು ಎರಡನೇ ಗೇರಿನಲ್ಲಿ ಬಿಟ್ಟರೆ ಎಂಜಿನ್ನೇ ಗಾಡಿಯನ್ನು ಹಿಡಿದಿಡುತ್ತೆ, ಬ್ರೇಕಿಗೆ ಕೆಲಸ ಕಡಿಮೆ. ಈಗಿನ ಎಂಜಿನ್‌ಗಳಲ್ಲಿ ಗೇರಿನಲ್ಲಿದ್ದು ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಡೀಸೆಲ್ ಹರಿಯೋದೇ ನಿಲ್ಲುತ್ತೆ. ಹಾಗಾಗಿ ನ್ಯೂಟ್ರಲ್ ಮಾಡಿ ಇಳಿದರೆ ಉಳಿತಾಯ ಅನ್ನೋದು ಸುಳ್ಳು. ನ್ಯೂಟ್ರಲ್‌ನಲ್ಲಿ ಎಂಜಿನ್ ಓಡಲು ಡೀಸೆಲ್ ಖರ್ಚಾಗುತ್ತೆ, ಮೇಲಿಂದ ಬ್ರೇಕ್ ಕಾದು ಹಿಡಿಯದೇ ಹೋಗೋ ಅಪಾಯ.

ಎಲೆಕ್ಟ್ರಿಕ್ ಕಾರಿನಲ್ಲಿ ಇಳಿಸೋಕೆ ಗೇರೇ ಇಲ್ಲ. ಅಲ್ಲಿ ಕಾರನ್ನು ಹಿಡಿಯೋದು ರೀಜನ್. ಕಾಲು ತೆಗೆದಾಗ ಮೋಟರು ಡೈನಮೊ ಥರ ತಿರುಗಿ ಕರೆಂಟ್ ಹುಟ್ಟಿಸಿ ಬ್ಯಾಟರಿಗೆ ಕಳಿಸುತ್ತೆ, ಆ ಎಳೆತಕ್ಕೆ ಕಾರು ನಿಧಾನ ಆಗುತ್ತೆ. ಚಾರ್ಮಾಡಿ ಪೂರ್ತಿ ಇಳಿದರೆ ಒಂದೂವರೆ ಯೂನಿಟ್‌ನಷ್ಟು ವಾಪಸ್ ಬರುತ್ತೆ. ಹತ್ತುವಾಗ ಖರ್ಚಾದದ್ದೆಲ್ಲ ಇಳಿಯುವಾಗ ಬರುತ್ತೆ ಅನ್ನೋದು ಬರೀ ಮಾತು. ಆದರೂ ಕೊಟ್ಟಿಗೆಹಾರದಲ್ಲಿ ಇದ್ದದ್ದಕ್ಕಿಂತ ಕೆಳಗೆ ಮೂರ್ನಾಲ್ಕು ಪರ್ಸೆಂಟ್ ಜಾಸ್ತಿ ಇರೋದನ್ನು ನೋಡಿದವರಿಗೆ ಖುಷಿ ಆಗೋದು ಸಹಜ.

ತೊಂದರೆ ಬರೋದು ಬ್ಯಾಟರಿ ಶೇ 100 ತುಂಬಿದ್ದಾಗ. ತುಂಬಿದ ಕೊಡಕ್ಕೆ ನೀರು ಹಾಕಿದ ಹಾಗೆ, ಹುಟ್ಟಿದ ಕರೆಂಟ್ ಹೋಗಲು ಜಾಗ ಇಲ್ಲ. ಆಗ ಕಾರು ರೀಜನ್ ಅನ್ನು ತಾನೇ ಕಡಿಮೆ ಮಾಡುತ್ತೆ, ಕೆಲವು ಕಾರುಗಳಲ್ಲಿ ಇಲ್ಲವೇ ಇಲ್ಲ ಅನ್ನೋಷ್ಟು. ನಿನ್ನೆ ಕಾಲು ತೆಗೆದ ಕೂಡಲೇ ನಿಧಾನ ಆಗ್ತಿದ್ದ ಕಾರು ಇವತ್ತು ನ್ಯೂಟ್ರಲ್‌ನಲ್ಲಿದ್ದ ಹಾಗೆ ಓಡುತ್ತೆ. ಪೂರ್ತಿ ಭಾರ ಬ್ರೇಕ್ ಪ್ಯಾಡ್ ಮೇಲೆ, ಅದೂ ಡೀಸೆಲ್ ಕಾರಿಗಿಂತ ಹೆಚ್ಚು ತೂಕದ ಗಾಡಿಯಲ್ಲಿ.

ರಾತ್ರಿ ಬಣಕಲ್ಲಿನಲ್ಲೋ ಕೊಟ್ಟಿಗೆಹಾರದಲ್ಲೋ ತಂಗಿ, ಹೋಂಸ್ಟೇ ಪ್ಲಗ್‌ಗೆ ಹಾಕಿ ಫುಲ್ ಮಾಡಿ, ಬೆಳಿಗ್ಗೆ ನೇರ ಘಟ್ಟಕ್ಕೆ ಇಳಿಯೋರು ಸಿಕ್ಕಿಬೀಳೋದು ಇಲ್ಲೇ. ಘಟ್ಟದ ತಲೆಯಲ್ಲಿ ಚಾರ್ಜ್ ಮಾಡೋದಾದರೆ ಶೇ 85ರ ಆಸುಪಾಸಿಗೆ ನಿಲ್ಲಿಸಬೇಕು, ರೀಜನ್ ಲೆವೆಲ್ ಜಾಸ್ತಿ ಇಟ್ಟುಕೊಂಡು ಹೊರಡಬೇಕು. ಹೆಚ್ಚಿನ ಕಾರುಗಳಲ್ಲಿ ಎಷ್ಟಕ್ಕೆ ನಿಲ್ಲಿಸಬೇಕು ಅಂತ ಮೊದಲೇ ಸೆಟ್ ಮಾಡಬಹುದು. ಗೆಸ್ಟ್‌ಗಳಿಗೆ ಇದನ್ನು ಹೋಂಸ್ಟೇಯವರೇ ಹೇಳಿದರೆ ಒಳ್ಳೇದು, ಬಯಲುಸೀಮೆಯಿಂದ ಬಂದವರಿಗೆ ಗೊತ್ತಿರಲ್ಲ.

ದುಡ್ಡಿನ ಲೆಕ್ಕ

ಡೀಸೆಲ್ ಲೀಟರಿಗೆ 90 ರೂಪಾಯಿ ಹಿಡಿದರೆ ಒಂದು ಸಲ ಘಟ್ಟ ಹತ್ತೋಕೆ 180 ರೂಪಾಯಿ. ಮನೆ ಕರೆಂಟ್ ಯೂನಿಟ್ಟಿಗೆ 7 ರೂಪಾಯಿ ಅಂದರೂ ಎಲೆಕ್ಟ್ರಿಕ್‌ಗೆ 50. ಆದರೆ ಹೈವೇ ಫಾಸ್ಟ್ ಚಾರ್ಜರಿನಲ್ಲಿ ಯೂನಿಟ್ಟಿಗೆ 20ರ ಹತ್ತಿರ ಕೊಟ್ಟು ತುಂಬಿಸಿದರೆ ಅದೇ 140 ಆಗುತ್ತೆ. ದಿನಾ ಮನೆಯಲ್ಲಿ ಚಾರ್ಜ್ ಮಾಡೋರಿಗೆ ಲಾಭ, ಬರೀ ಟೂರಿಗೆ ಅಂತ ತಗೊಳೋರಿಗೆ ಅಷ್ಟೇನಿಲ್ಲ. ಇನ್ನು ಅಂಗಡಿ-ಮನೆ ಅಂತ ಎರಡು ಮೂರು ಕಿ.ಮೀ. ಮಾತ್ರ ಓಡಿಸೋರು ಬಿಎಸ್-6 ಡೀಸೆಲ್ ಕಾರು ತಗೊಂಡರೆ ಹೊಗೆ ಕೊಳವೆಯ ಫಿಲ್ಟರಿನಲ್ಲಿ ಮಸಿ ಕಟ್ಟೋ ತಲೆನೋವು. ಅಂಥ ಗಾಡಿಗೆ ಆಗಾಗ ಹೈವೇ ಓಟ ಬೇಕೇ ಬೇಕು.

ಘಟ್ಟ ಬಂದ್ ಆದರೆ?

ಡೀಸೆಲ್ಲೇ ವಾಸಿ ಅನ್ನಿಸೋದು ಇಲ್ಲಿ. 2019ರ ಆಗಸ್ಟ್ ಮಳೆಗೆ ಚಾರ್ಮಾಡಿ ಕುಸಿದು ತಿಂಗಳುಗಟ್ಟಲೆ ಭಾರೀ ವಾಹನ ಓಡಾಡಲಿಲ್ಲ. ಮರ ಬಿದ್ದು ಅರ್ಧ ದಿನ ಬಂದ್ ಆಗೋದಂತೂ ಮಳೆಗಾಲದಲ್ಲಿ ಮಾಮೂಲು. ಜಾಮ್‌ನಲ್ಲಿ ನಿಂತರೆ ಎಲೆಕ್ಟ್ರಿಕ್ ಕಾರಿಗೆ ಭಯ ಇಲ್ಲ, ಎಸಿ ಹಾಕಿ ಕೂತರೂ ಗಂಟೆಗೆ ಒಂದು ಯೂನಿಟ್ ಅಷ್ಟೇ. ಆದರೆ ವಾಪಸ್ ಮೂಡಿಗೆರೆಗೆ ಬಂದು, ಸಕಲೇಶಪುರದ ಮೇಲೆ ಶಿರಾಡಿ ಸುತ್ತಿ ಹೋಗಬೇಕು ಅಂದರೆ ದಾರಿ ತುಂಬಾ ಜಾಸ್ತಿ. "ಕೆಳಗೆ ಹೋಗಿ ಚಾರ್ಜ್ ಮಾಡೋಣ" ಅಂತ ಶೇ 25ರಲ್ಲಿ ಘಟ್ಟದ ಬಾಯಿಗೆ ಬಂದವರು ಆವಾಗ ಏನು ಮಾಡ್ತಾರೆ? ಮಳೆಗಾಲದಲ್ಲಿ ಶೇ 60-85ರ ನಡುವೆ ಇದ್ದರೆ ರೀಜನ್‌ಗೂ ಜಾಗ ಇರುತ್ತೆ, ಸುತ್ತು ದಾರಿಗೂ ಸಾಕಾಗುತ್ತೆ.

ಅದೇ ಮಳೆಗೆ ಕರೆಂಟೂ ಹೋಗುತ್ತೆ, ಮಲೆನಾಡಿನವರಿಗೆ ಹೊಸದಾಗಿ ಹೇಳಬೇಕಿಲ್ಲ. ಗೆಸ್ಟ್‌ಗಳಿಗೆ ಚಾರ್ಜಿಂಗ್ ಕೊಡ್ತೀವಿ ಅಂತ ಬೋರ್ಡ್ ಹಾಕೋರು 15 ಆಂಪ್ಸ್ ಸಾಕೆಟ್‌ಗೆ ಬೇರೆಯೇ ವೈರ್ ಎಳೆಸಿ, ಅರ್ಥಿಂಗ್ ಸರಿ ಇದೆಯಾ ಅಂತ ಎಲೆಕ್ಟ್ರಿಷಿಯನ್ ಹತ್ತಿರ ನೋಡಿಸಬೇಕು. ಅರ್ಥಿಂಗ್ ಸರಿ ಇಲ್ಲದಿದ್ದರೆ ಹೆಚ್ಚಿನ ಕಾರುಗಳು ಚಾರ್ಜ್ ತಗೊಳ್ಳಲ್ಲ. ಆ ಸಾಕೆಟ್‌ನಲ್ಲಿ ಗಂಟೆಗೆ ತುಂಬೋದು ಎರಡೂವರೆ–ಮೂರು ಯೂನಿಟ್. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಏಳೋದರೊಳಗೆ ಹತ್ತು ಕಿ.ಮೀ.ಗೆ ಆಗೋಷ್ಟು ಸಿಕ್ಕರೆ ಹೆಚ್ಚು, ರಾತ್ರಿ ಉಳಿಯೋರಿಗೆ ಮಾತ್ರ ಅದು ಉಪಯೋಗ.