ಕಳವಾಯಿತೋ, ಕಳೆದುಹೋಯಿತೋ?

ಊರಲ್ಲಿ ಅಪರಾಧಗಳು ಕಡಿಮೆಯಾಗಿವೆಯೆಂದು ಅಧಿಕಾರಿಗಳು ಹೇಳುತ್ತಾರೆ. ಊರವರು ಹಾಗೆ ಹೇಳುವದಿಲ್ಲ. ಇಬ್ಬರಲ್ಲಿ ಯಾರೂ ಸುಳ್ಳಾಡುತ್ತಿಲ್ಲವೆಂಬದೇ ಈ ವಿಷಯದ ವಿಚಿತ್ರವು. ಅಧಿಕಾರಿಗಳು ಎಣಿಸುವದು ಠಾಣೆಯ ಪುಸ್ತಕದಲ್ಲಿ ಬರೆದ ಅಪರಾಧಗಳನ್ನು; ಊರವರು ಎಣಿಸುವದು ತಮ್ಮ ಓಣಿಯಲ್ಲಿ ನಡೆದ ಅಪರಾಧಗಳನ್ನು. ಈ ಎರಡು ಲೆಕ್ಕಗಳ ನಡುವೆ ಎಷ್ಟು ಅಂತರವಿದೆಯೋ, ಪೌರರಿಗೂ ಪೋಲೀಸರಿಗೂ ನಡುವೆ ಅಷ್ಟೇ ಅಂತರವು ಬಿದ್ದಿದೆಯೆಂದು ನಾವು ತಿಳಿದಿದ್ದೇವೆ.

ನಮ್ಮ ಕಚೇರಿಗೆ ಬರುವ ಪತ್ರಗಳನ್ನೂ, ಪೇಟೆಯಲ್ಲಿ ಕಿವಿಗೆ ಬೀಳುವ ಮಾತುಗಳನ್ನೂ ಕೂಡಿಸಿ ನೋಡಿದರೆ ಜನರ ದೂರು ಕಳ್ಳರ ಮೇಲಿರುವದಕ್ಕಿಂತ ಠಾಣೆಯ ಮೇಜಿನ ಮೇಲೆಯೇ ಹೆಚ್ಚಾಗಿ ಕಂಡುಬರುತ್ತದೆ. ಬಸ್ ನಿಲ್ದಾಣದ ನೂಕುನುಗ್ಗಲಿನಲ್ಲಿ ಕಿಸೆಯೊಳಗಿನ ಮೊಬೈಲನ್ನು ಯಾರೋ ಎಗರಿಸುತ್ತಾರೆ. ವೃದ್ಧನಾದ ಪಿಂಚಣಿದಾರನು ಠಾಣೆಗೆ ಹೋಗಿ 'ಕಳವಾಯಿತು' ಎಂದು ಬರೆದುಕೊಡುತ್ತಾನೆ. 'ಕಳೆದುಹೋಯಿತು ಎಂದು ಬರೆಯಿರಿ, ಯಜಮಾನರೇ, ನಿಮಗೂ ಅನುಕೂಲ, ನಮಗೂ ಅನುಕೂಲ' ಎಂದು ಬುದ್ಧಿ ಹೇಳಲಾಗುತ್ತದೆ. ಎರಡು ಶಬ್ದಗಳ ನಡುವಿನ ಭೇದವು ಅಲ್ಪವಾಗಿ ಕಾಣಬಹುದು. ಆದರೆ ಮೊದಲನೆಯದರಲ್ಲಿ ಒಬ್ಬ ಕಳ್ಳನಿದ್ದಾನೆ, ಅವನನ್ನು ಹುಡುಕುವ ಹೊಣೆಯು ಪೋಲೀಸರದು. ಎರಡನೆಯದರಲ್ಲಿ ಕಳ್ಳನೇ ಇಲ್ಲ, ಇರುವದು ವೃದ್ಧನ ಅಜಾಗ್ರತೆಯೊಂದೇ. ಒಂದು ಶಬ್ದವನ್ನು ತಿದ್ದಿದ್ದರಿಂದ ಆ ತಿಂಗಳ ಲೆಕ್ಕದಲ್ಲಿ ಒಂದು ಕಳವು ಕಡಿಮೆಯಾಯಿತು. ಬಸ್ ನಿಲ್ದಾಣದ ಕಳ್ಳನಿಗಾದರೋ ಇನ್ನೊಂದು ದಿನದ ಅಭಯವು ದೊರೆಯಿತು.

ಹಾಲು ಮಾರುವವನ ಹಳೆಯ ಸೈಕಲ್ಲು ಹೋದರೆ ಇನ್ನೊಂದು ದಾರಿಯಿದೆ. 2024ನೇ ಇಸವಿ ಜುಲೈ 1ರಿಂದ ಜಾರಿಗೆ ಬಂದ ಹೊಸ ದಂಡಪ್ರಕ್ರಿಯೆಯ ಅನುಸೂಚಿಯು 5,000 ರೂಪಾಯಿಗಿಂತ ಕಡಿಮೆ ಬೆಲೆಯ ಕಳವನ್ನು ಅಸಂಜ್ಞೇಯ ಅಪರಾಧಗಳ ಸಾಲಿನಲ್ಲಿ ಇಟ್ಟಿದೆ. ಎಂದರೆ ಮ್ಯಾಜಿಸ್ಟ್ರೇಟರ ಅಪ್ಪಣೆಯಿಲ್ಲದೆ ಅದರ ತನಿಖೆಯು ನಡೆಯಲಾರದು. ಸೈಕಲ್ಲಿನ ಬೆಲೆಯನ್ನು ಕಟ್ಟುವವರು ಯಾರು, ಎಷ್ಟಕ್ಕೆ ಕಟ್ಟುವರು ಎಂಬದನ್ನು ವಾಚಕರೇ ಊಹಿಸಬಹುದು. ಶ್ರೀಮಂತನ ಬಂಗಾರದ ಸರವು ಹೋದರೆ ಬರೆದುಕೊಳ್ಳದೆ ಗತಿಯಿಲ್ಲ. ಬಡವನ ಹೊಟ್ಟೆಯ ಸಾಧನವು ಹೋದರೆ ಅದಕ್ಕೆ ಬೆಲೆಯೇ ಸಾಲದು! ಹೀಗಿದ್ದರೂ ಅಸಂಜ್ಞೇಯ ಅಪರಾಧದ ವರ್ತಮಾನವನ್ನು ಸಹ ಪುಸ್ತಕದಲ್ಲಿ ಬರೆದುಕೊಂಡು ಫಿರ್ಯಾದಿಗೆ ಮ್ಯಾಜಿಸ್ಟ್ರೇಟರ ದಾರಿಯನ್ನು ತೋರಿಸಬೇಕೆಂದು ಅದೇ ಕಾಯದೆಯು ಹೇಳುತ್ತದೆಂಬದನ್ನು ಹಾಲಿನವನಿಗೆ ತಿಳಿಸುವವರು ಯಾರೂ ಇಲ್ಲ.

ಈ ದೋಷವನ್ನೆಲ್ಲ ಠಾಣೆಯ ಪೇದೆಯ ತಲೆಗೆ ಕಟ್ಟುವದು ನ್ಯಾಯವಲ್ಲ. ಬೆಳಿಗ್ಗೆ ಮಂತ್ರಿಗಳ ಸವಾರಿಯ ಬಂದೋಬಸ್ತು, ಮಧ್ಯಾಹ್ನ ನ್ಯಾಯಾಲಯದ ಸಮನ್ಸು, ಸಾಯಂಕಾಲ ಜಾತ್ರೆ ಮೆರವಣಿಗೆ, ರಾತ್ರಿ ಗಸ್ತಿ, ಇಷ್ಟನ್ನು ಮಾಡಿದವನು ಸೈಕಲ್ಲನ್ನು ಯಾವಾಗ ಹುಡುಕಬೇಕು? ಅದಕ್ಕೂ ಮಿಗಿಲಾದ ಕಾರಣವೊಂದಿದೆ. ತಿಂಗಳ ಅಪರಾಧ ವಿಮರ್ಶೆಯ ಸಭೆಯಲ್ಲಿ ಹೆಚ್ಚು ಪ್ರಕರಣಗಳನ್ನು ಬರೆದ ಠಾಣಾಧಿಕಾರಿಯು ಮೇಲಿನವರ ಮುಂದೆ ತಲೆ ತಗ್ಗಿಸಿ ಕೂಡ್ರಬೇಕಾಗುತ್ತದೆ, ಬರೆಯದವನು ದಕ್ಷನೆನಿಸಿಕೊಳ್ಳುತ್ತಾನೆ. ರೋಗಿಗಳನ್ನು ಬಾಗಿಲಲ್ಲೇ ತಿರುಗಿ ಕಳಿಸಿ, ಊರಲ್ಲಿ ರೋಗವಿಲ್ಲವೆಂದು ವರದಿ ಬರೆಯುವ ದವಾಖಾನೆಯನ್ನು ನಾವು ಮೆಚ್ಚುವೆವೇ?

ಕಾಯದೆಯು ಈ ವಿಷಯದಲ್ಲಿ ಸಂದೇಹಕ್ಕೆ ಎಡೆಯನ್ನು ಇಟ್ಟಿಲ್ಲ. ಸಂಜ್ಞೇಯ ಅಪರಾಧದ ವರ್ತಮಾನವು ಬಂದೊಡನೆ ಅದನ್ನು ದಾಖಲಿಸಲೇಬೇಕೆಂದು ಸರ್ವೋಚ್ಚ ನ್ಯಾಯಾಲಯವು 2013ನೇ ನವೆಂಬರ ತಿಂಗಳಲ್ಲಿ ಲಲಿತಾ ಕುಮಾರಿಯವರ ಮೊಕದ್ದಮೆಯಲ್ಲಿ ನಿರ್ಣಯಿಸಿತು. ಹೊಸ ಸಂಹಿತೆಯ 173ನೇ ಕಲಮಿನ ಪ್ರಕಾರ ಅಪರಾಧವು ಯಾವ ಠಾಣೆಯ ಸರಹದ್ದಿನಲ್ಲಿ ನಡೆದಿದ್ದರೂ ಎದುರಿಗಿದ್ದ ಠಾಣೆಯವರು ಬರೆದುಕೊಳ್ಳತಕ್ಕದ್ದು. ಪ್ರಥಮ ವರ್ತಮಾನ ವರದಿಯ ಪ್ರತಿಯನ್ನು ಫಿರ್ಯಾದಿಗೆ ಬಿಟ್ಟಿಯಾಗಿ ಕೊಡತಕ್ಕದ್ದು. ಬರೆದುಕೊಳ್ಳಲು ಒಪ್ಪದಿದ್ದರೆ ಜಿಲ್ಲಾ ಪೋಲೀಸ ಅಧೀಕ್ಷಕರಿಗೆ ಅಂಚೆಯಿಂದ ಕಳಿಸಬಹುದು. ಅಲ್ಲಿಯೂ ಕೆಲಸವಾಗದಿದ್ದರೆ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಮಾಡಬಹುದು. ಬಲಾತ್ಕಾರವೇ ಮೊದಲಾದ ಘೋರ ಅಪರಾಧಗಳ ವರ್ತಮಾನವನ್ನು ಸರಕಾರಿ ನೌಕರನು ಬರೆದುಕೊಳ್ಳದಿದ್ದರೆ ಅವನಿಗೆ 6 ತಿಂಗಳಿಗೆ ಕಡಿಮೆಯಿಲ್ಲದಂತೆ 2 ವರ್ಷದವರೆಗೆ ಕಠಿಣ ಸಜೆಯಾಗುವದೆಂದು ನ್ಯಾಯಸಂಹಿತೆಯ 199ನೇ ಕಲಮು ಹೇಳುತ್ತದೆ. ಆದರೆ ರಾತ್ರಿ ಹತ್ತು ಗಂಟೆಗೆ ಅಳುತ್ತ ನಿಂತ ಹೆಣ್ಣುಮಗಳಿಗೆ ಕಲಮಿನ ಅಂಕೆಗಳು ಎಲ್ಲಿಂದ ನೆನಪಾಗಬೇಕು?

ಫಿರ್ಯಾದನ್ನು ಕೇಳಿಕೊಳ್ಳುವದು ರಾಜ್ಯದ ಋಣವೆಂಬ ಭಾವನೆಯು ಇಂಗ್ಲಿಷರು ತಂದದ್ದಲ್ಲ. ನಮ್ಮ ಕಲ್ಯಾಣದಲ್ಲಿ ಚಾಲುಕ್ಯ ವಿಕ್ರಮಾದಿತ್ಯನ ಆಳಿಕೆಯಲ್ಲಿ ವಿಜ್ಞಾನೇಶ್ವರನು ಮಿತಾಕ್ಷರೆಯನ್ನು ಬರೆದದ್ದು ಯಾಜ್ಞವಲ್ಕ್ಯ ಸ್ಮೃತಿಯ ಮೇಲೆ. ಕಳ್ಳರು ಒಯ್ದ ಸೊತ್ತನ್ನು ಅರಸನು ಪ್ರಜೆಗೆ ಕೊಡಬೇಕೆಂದು ಆ ಸ್ಮೃತಿಯು ವಿಧಿಸಿದೆ. ಕಳ್ಳನ ಹೆಜ್ಜೆಯು ಊರ ಹೊರಗೆ ಹೋಗದಿದ್ದರೆ ದೋಷವು ಊರ ಒಡೆಯನದು; ಹೆಜ್ಜೆಯು ಯಾವ ಊರನ್ನು ಹೊಕ್ಕಿತೋ ಆ ಊರವರು ನಷ್ಟವನ್ನು ತುಂಬಬೇಕು. ಅಂಥ ಕಟ್ಟಳೆಯಲ್ಲಿ 'ಕಳೆದುಹೋಯಿತು' ಎಂದು ಬರೆಸಿಕೊಂಡು ಪಾರಾಗುವಂತಿರಲಿಲ್ಲ. ತೀರ ಈಚಿನವರೆಗೆ ನಮ್ಮ ಹಳ್ಳಿಗಳಲ್ಲಿ ತಳವಾರನೂ, ಮುಂಬಯಿ ಇಲಾಖೆಯ ಜಿಲ್ಲೆಗಳಲ್ಲಿ 1867ನೇ ಕಾಯದೆಯ ಮೇರೆಗೆ ಪೋಲೀಸ ಪಾಟೀಲನೂ ಇದ್ದರು. ವಂಶಪರಂಪರೆಯ ಆ ಅಧಿಕಾರಗಳಲ್ಲಿ ದಬ್ಬಾಳಿಕೆಯು ಬಹಳವಿದ್ದುದರಿಂದ 1961ನೇ ಕಾಯದೆಯು ಅವುಗಳನ್ನು ರದ್ದುಮಾಡಿದ್ದು ಸರಿಯೇ. ಆದರೆ ಊರನ್ನು ಮುಖತಃ ಬಲ್ಲ ಕಾವಲುಗಾರನು ಅವುಗಳ ಜೊತೆಗೇ ಹೋದನು.

ಅತ್ತ ಪರಕೀಯರು ಕಟ್ಟಿದ ಪೋಲೀಸ ಖಾತೆಯು ಬೇರೆ ಉದ್ದೇಶದ್ದು. 1861ನೇ ಕಾಯದೆಯಿಂದ ಹುಟ್ಟಿದ ಆ ಖಾತೆಯನ್ನು ವಿಚಾರಿಸಲು 1902ರಲ್ಲಿ ಲಾರ್ಡ್ ಕರ್ಝನನು ನೇಮಿಸಿದ ಕಮಿಷನ್ನೇ, ಪೋಲೀಸರು ದಕ್ಷರಲ್ಲವೆಂತಲೂ ಜನರು ಅವರನ್ನು ಲಂಚಗುಳಿಗಳೆಂದೂ ಪೀಡಕರೆಂದೂ ತಿಳಿದಿರುವರೆಂತಲೂ ಬರೆಯಬೇಕಾಯಿತು. ಬಡವರ ಓಣಿಗಳಲ್ಲಿ ಕಳ್ಳನ ಭಯಕ್ಕಿಂತ ಠಾಣೆಯ ಭಯವೇ ದೊಡ್ಡದೆಂದು ಇಂದಿಗೂ ಹೇಳುವವರುಂಟು. ಠಾಣೆಗಳಲ್ಲೆಲ್ಲ ಕ್ಯಾಮರಾಗಳನ್ನು ಕೂಡ್ರಿಸಬೇಕೆಂದು 2020ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆಜ್ಞಾಪಿಸಬೇಕಾಗಿ ಬಂದದ್ದರಿಂದಲೇ ಈ ಭಯವು ಬರಿಯ ಕಲ್ಪನೆಯಲ್ಲವೆಂಬದು ಸ್ಪಷ್ಟವಾಗುತ್ತದೆ.

ಠಾಣೆಯ ಮೇಲಿನ ನಂಬಿಗೆಯು ಹೋದ ಊರಲ್ಲಿ ಏನಾಗುವದೆಂಬದನ್ನು ನಮ್ಮ ನಾಡು 2018ರಲ್ಲಿ ಕಂಡಿತು. ಮಕ್ಕಳ ಕಳ್ಳರು ಬಂದಿದ್ದಾರೆಂಬ ಗಾಳಿಮಾತು ಮೊಬೈಲುಗಳ ಮೂಲಕ ಹಬ್ಬಿ, ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಹೊಟ್ಟೆಪಾಡಿಗೆ ಬಂದಿದ್ದ ರಾಜಸ್ಥಾನದ ತರುಣನೊಬ್ಬನನ್ನು ಜನರು ಬಡಿದು ಕೊಂದರು. ಜುಲೈಯಲ್ಲಿ ಬೀದರ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಇಂಜಿನಿಯರನೊಬ್ಬನಿಗೆ ಅದೇ ಗತಿಯಾಯಿತು. ಸತ್ತವರು ನಿರಪರಾಧಿಗಳು. ಕೊಂದವರಲ್ಲಿಯೂ ಬಹುಜನರು ಹಿಂದಿನ ದಿನದವರೆಗೆ ಸಾಮಾನ್ಯ ಗೃಹಸ್ಥರೇ ಆಗಿದ್ದಿರಬೇಕು. ಗಾಳಿಮಾತು ಹಬ್ಬಿದಾಗ 'ಹೋಗಿ ಠಾಣೆಯಲ್ಲಿ ಕೇಳೋಣ' ಎಂಬ ಮಾತು ಗುಂಪಿನೊಳಗೆ ಒಬ್ಬನ ಬಾಯಿಂದಲಾದರೂ ಬಂದು, ಅದನ್ನು ಉಳಿದವರು ಒಪ್ಪುವಂತಿದ್ದರೆ ಆ ಪ್ರಾಣಗಳು ಉಳಿಯುತ್ತಿದ್ದವು. ಠಾಣೆಗೆ ಹೋದರೆ ಪ್ರಯೋಜನವಿಲ್ಲವೆಂದು ಹತ್ತು ವರ್ಷ ಕಲಿತ ಜನರು ಹನ್ನೊಂದನೆಯ ವರ್ಷ ಕಲ್ಲನ್ನು ಎತ್ತಿಕೊಳ್ಳುತ್ತಾರೆ.

ಸರಕಾರದವರಿಗೆ ಇದು ತಿಳಿಯದೆ ಇಲ್ಲ. 2025ನೇ ಜುಲೈಯಲ್ಲಿ 'ಮನೆ ಮನೆಗೆ ಪೋಲೀಸ್' ಎಂಬ ಯೋಜನೆಯನ್ನು ಆರಂಭಿಸಿದರು. ಕೆಲವು ಹತ್ತು ಮನೆಗಳನ್ನು ಒಂದು ಗುಂಪು ಮಾಡಿ, ಬೀಟಿನ ಪೋಲೀಸನು ತಾನಾಗಿಯೇ ಬಾಗಿಲಿಗೆ ಹೋಗಿ ಜನರ ಅಹವಾಲನ್ನು ಕೇಳಬೇಕೆಂಬದು ಅದರ ತಿರುಳು. ಮೈಸೂರಿನ ರುದ್ರಪಟ್ಟಣ ಶಾಮಶಾಸ್ತ್ರಿಗಳು 1909ರಲ್ಲಿ ಅಚ್ಚುಹಾಕಿಸಿ ಲೋಕಕ್ಕೆ ಕೊಟ್ಟ ಕೌಟಿಲ್ಯನ ಅರ್ಥಶಾಸ್ತ್ರವನ್ನು ಓದಿದವರಿಗೆ ಇದು ಪರಿಚಿತವೆನಿಸೀತು. ಹತ್ತು, ಇಪ್ಪತ್ತು ಇಲ್ಲವೆ ನಾಲ್ವತ್ತು ಮನೆಗಳಿಗೆ ಒಬ್ಬ ಗೋಪನೆಂದು ಅಲ್ಲಿ ಹೇಳಿದೆ. ಆದರೆ ಕೌಟಿಲ್ಯನ ಗೋಪನು ಮನೆಮನೆಯ ಜಾತಿ, ಗೋತ್ರ, ಕಸಬು, ಆಯವ್ಯಯಗಳನ್ನು ಅರಸನಿಗಾಗಿ ಬರೆದುಕೊಳ್ಳುತ್ತಿದ್ದನು. ಪೋಲೀಸನು ಪುಸ್ತಕ ಹಿಡಿದು ಬಾಗಿಲಿಗೆ ಬಂದಾಗ ನಮ್ಮ ಗೃಹಿಣಿಯರಿಗೆ ತೋರುವ ಅಳುಕೂ ಇದೇ: ಇವನು ನಮ್ಮನ್ನು ಕಾಯಲು ಬಂದನೋ, ಕಾದು ನೋಡಲು ಬಂದನೋ? ನಮ್ಮ ಅಭಿಪ್ರಾಯದಲ್ಲಿ ಯೋಜನೆಯು ಒಳ್ಳೆಯದು. ಆದರೆ ಬಾಗಿಲಲ್ಲಿ ನಗುತ್ತ ಕೇಳಿದ ದೂರನ್ನು ಮರುದಿನ ಠಾಣೆಯ ಮೇಜಿನ ಮುಂದೆ ಬರೆದುಕೊಳ್ಳದಿದ್ದರೆ ಆ ನಗೆಯು ಜನರನ್ನು ಮತ್ತಷ್ಟು ದೂರ ಮಾಡುವದು.

ಪೌರರ ಪಾಲಿನ ತಪ್ಪೂ ಉಂಟು. ಅಪಘಾತವನ್ನು ಕಂಡವನು ಸಾಕ್ಷಿ ಹೇಳಲು ಹೆದರಿ ಮುಖ ಮರೆಸಿಕೊಳ್ಳುತ್ತಾನೆ. ದೂರವಾಣಿಯಲ್ಲಿ 'ನಿಮ್ಮನ್ನು ಕೈದು ಮಾಡಿದೆ' ಎಂದು ಬೆದರಿಸಿ ಹಣ ಕಿತ್ತುಕೊಳ್ಳುವ ಹೊಸ ಜಾತಿಯ ಠಕ್ಕರಿಗೆ ಸಿಕ್ಕ ಸುಶಿಕ್ಷಿತರು ನಾಚಿಕೆಯಿಂದ ಮನೆಯವರಿಗೂ ಹೇಳುವದಿಲ್ಲ. 2023ನೇ ಒಂದೇ ವರ್ಷದಲ್ಲಿ ಕರ್ನಾಟಕದಲ್ಲಿ 21,000ಕ್ಕೂ ಮಿಗಿಲಾದ ಸೈಬರ್ ಅಪರಾಧಗಳು ದಾಖಲಾದವು. ಹೇಳಿಕೊಳ್ಳದವುಗಳ ಲೆಕ್ಕವು ಯಾವ ಪುಸ್ತಕದಲ್ಲಿಯೂ ಇಲ್ಲ. 1930ನೇ ಅಂಕೆಗೆ ಒಡನೆಯೇ ದೂರವಾಣಿ ಮಾಡಿದರೆ ಹಣವು ಕಳ್ಳನ ಖಾತೆಯಿಂದ ಆಚೆ ಹೋಗುವ ಮೊದಲೇ ತಡೆಯುವ ಸಾಧ್ಯತೆಯಿದೆ. ನಾಚಿಕೆಯಲ್ಲಿ ಕಳೆದ ರಾತ್ರಿಯು ಠಕ್ಕನಿಗೆ ಲಾಭವಾಗುತ್ತದೆ.

ನಾವು ಕೇಳುವದು ದೊಡ್ಡ ಸುಧಾರಣೆಯೇನಲ್ಲ. ತನಿಖೆಯನ್ನು ಬಂದೋಬಸ್ತಿನಿಂದ ಬೇರ್ಪಡಿಸಬೇಕೆಂದು 2006ರಲ್ಲಿ ಸರ್ವೋಚ್ಚ ನ್ಯಾಯಾಲಯವು ಪ್ರಕಾಶ ಸಿಂಗರ ಮೊಕದ್ದಮೆಯಲ್ಲಿ ಕೊಟ್ಟ ನಿರ್ದೇಶನದ ಮಾತನ್ನು ಬೇರೊಂದು ದಿನ ಆಡೋಣ. ಸದ್ಯಕ್ಕೆ ಪ್ರತಿಯೊಂದು ಠಾಣೆಯ ಹೊರಗೋಡೆಗೆ ಒಂದು ಹಲಗೆಯನ್ನು ತೂಗಹಾಕಲಿ. ಈ ತಿಂಗಳು ಫಿರ್ಯಾದುಗಳೆಷ್ಟು ಬಂದವು, ಎಷ್ಟಕ್ಕೆ ಪ್ರಥಮ ವರ್ತಮಾನ ವರದಿಯಾಯಿತು, ಎಷ್ಟಕ್ಕೆ ಬರಿಯ ಹಿಂಬರಹವನ್ನು ಕೊಟ್ಟು ಕಳಿಸಿದರು, 'ಕಳೆದುಹೋದವು' ಎಷ್ಟು, 'ಕಳವಾದವು' ಎಷ್ಟು ಎಂಬದನ್ನು ಯಾರ ಹೆಸರನ್ನೂ ಹಾಕದೆ ಅದರ ಮೇಲೆ ಬರೆಯಲಿ. ವಿಮರ್ಶೆಯ ಸಭೆಯಲ್ಲಿ ಅಧೀಕ್ಷಕರು ಕಡಿಮೆ ಬರೆದವನಿಗೆ ಶಹಬಾಸ ಹೇಳುವ ಮೊದಲು ಆ ಹಲಗೆಯನ್ನು ತರಿಸಿ ನೋಡಲಿ. ಇದಕ್ಕೆ ಶಾಸನಸಭೆಯ ಮಂಜೂರಾತಿಯಾಗಲಿ ಖಜಾನೆಯ ಹಣವಾಗಲಿ ಬೇಕಾಗಿಲ್ಲ. ಒಂದು ಕರಿಹಲಗೆ, ಒಂದು ಸುಣ್ಣದ ಕಡ್ಡಿ, ಜಿಲ್ಲಾ ಅಧೀಕ್ಷಕರ ಒಂದು ಸಾಲಿನ ಆಜ್ಞೆ ಇಷ್ಟು ಸಾಕು. ಬರುವ ತಿಂಗಳ ಮೊದಲನೆಯ ತಾರೀಖಿಗೆ ಯಾವ ಠಾಣೆಯು ಇದನ್ನು ತೂಗಹಾಕುವದೋ ಅದರ ಅಂಕೆಗಳನ್ನು ನಾವು ಇದೇ ಪುಟದಲ್ಲಿ ಅಚ್ಚುಮಾಡಲು ಸಿದ್ಧರಿದ್ದೇವೆ.