ಹೋಗುವಾಗ ಬೇಗ, ಬರುವಾಗ ತಡ

1924ರ ಡಿಸೆಂಬರ್ 2. ಟೋಕಿಯೊದಿಂದ ಈಶಾನ್ಯಕ್ಕಿರುವ ತಾಟೆನೊ ವೀಕ್ಷಣಾಲಯದಲ್ಲಿ ಹವಾಮಾನ ವಿಜ್ಞಾನಿ ವಾಸಾಬುರೊ ಓಯಿಶಿಯವರ ಬಲೂನು ಮೇಲೇರುತ್ತಿತ್ತು. ಥಿಯೊಡೊಲೈಟಿಗೆ ಕಣ್ಣು ಕೀಲಿಸಿ, ಅದು ಸರಿದ ಕೋನಗಳನ್ನು ಬರೆದುಕೊಂಡು ಲೆಕ್ಕ ಹಾಕಿದರು. ಒಂಬತ್ತು ಕಿಲೋಮೀಟರ್ ಎತ್ತರದಲ್ಲಿ ಗಾಳಿ ಸೆಕೆಂಡಿಗೆ 72 ಮೀಟರ್, ಅಂದರೆ ಗಂಟೆಗೆ ಸುಮಾರು 260 ಕಿಲೋಮೀಟರ್! ನೆಲದ ಮೇಲೆ ಹೀಗೆ ಬೀಸಿದ್ದರೆ ಊರಿಗೆ ಊರೇ ಕಿತ್ತುಹೋಗುತ್ತಿತ್ತು. ಬೇರೆಯವರಾಗಿದ್ದರೆ ಉಪಕರಣವನ್ನು ಬೈದು ಸುಮ್ಮನಾಗುತ್ತಿದ್ದರೇನೋ. ಓಯಿಶಿ ಎರಡು ವರ್ಷಗಳಲ್ಲಿ 1,200ಕ್ಕೂ ಹೆಚ್ಚು ಬಾರಿ ಬಲೂನು ಹಾರಿಸಿದರು. ಪ್ರತಿ ಚಳಿಗಾಲದಲ್ಲೂ ಆ ಪಡುವಣ ಗಾಳಿ ಅಲ್ಲೇ ಇತ್ತು.

ಜಪಾನಿ ಭಾಷೆಯಲ್ಲಿ ಬರೆದರೆ ಹೊರಗಿನವರು ಓದುವುದಿಲ್ಲವೆಂದು 1926ರಲ್ಲಿ ವರದಿಯನ್ನು ಎಸ್ಪೆರಾಂಟೊದಲ್ಲಿ ಅಚ್ಚುಹಾಕಿಸಿದರು. ಇಡೀ ಜಗತ್ತಿಗೆಂದೇ ಕಟ್ಟಿದ್ದ ಭಾಷೆ ಅದು. ಜಗತ್ತು ಮಾತ್ರ ಅದನ್ನು ಕಲಿತಿರಲಿಲ್ಲ. ವರದಿ ಕಪಾಟು ಸೇರಿತು.

ಒಂಬತ್ತು ವರ್ಷಗಳ ನಂತರ ಅದೇ ಬಗೆಯ ಗಾಳಿಗೆ ಅಮೆರಿಕದಲ್ಲಿ ಇನ್ನೊಬ್ಬ ಸಿಕ್ಕಿಕೊಂಡ. ವೈಲಿ ಪೋಸ್ಟ್ ತೈಲಬಾವಿಯ ಅಪಘಾತದಲ್ಲಿ ಎಡಗಣ್ಣು ಕಳೆದುಕೊಂಡಿದ್ದ ಹಟಮಾರಿ ಪೈಲಟ್. ಎತ್ತರದ ತೆಳುಗಾಳಿಯಲ್ಲಿ ಬದುಕುಳಿಯಲು ಒತ್ತಡದ ಉಡುಪನ್ನೇ ಮಾಡಿಸಿಕೊಂಡ. ಮೊದಲನೆಯದು ಸೋರಿತು. ಎರಡನೆಯದರೊಳಗೆ ಅವನೇ ಸಿಕ್ಕಿಬಿದ್ದು, ಕತ್ತರಿಸಿ ಹೊರತೆಗೆಯಬೇಕಾಯಿತು. ಮೂರನೆಯದು ಕೈಹಿಡಿಯಿತು. 1935ರ ಮಾರ್ಚ್‌ನಲ್ಲಿ ಬರ್ಬ್ಯಾಂಕ್‌ನಿಂದ ಪೂರ್ವದ ಕ್ಲೀವ್‌ಲ್ಯಾಂಡ್‌ಗೆ, ಎರಡು ಸಾವಿರ ಮೈಲಿಗೂ ಮಿಕ್ಕ ದೂರವನ್ನು 7 ಗಂಟೆ 19 ನಿಮಿಷದಲ್ಲಿ ಮುಟ್ಟಿದ. ಮರದ ಮೈಯ ಆ ಹಳೆಯ ವಿಮಾನಕ್ಕೆ ಅಷ್ಟು ಕಸುವಿರಲಿಲ್ಲ. ಗಾಳಿ ಹಿಂದಿನಿಂದ ನೂಕಿತ್ತು. ಅದೇ ವರ್ಷದ ಆಗಸ್ಟ್‌ನಲ್ಲಿ ಅಲಾಸ್ಕದಲ್ಲಿ ವಿಮಾನ ಉರುಳಿ ಸತ್ತ.

ಎರಡನೇ ಮಹಾಯುದ್ಧದ ನಡುವೆ, 1944ರ ನವೆಂಬರ್ 24ರಂದು ಮರಿಯಾನಾ ದ್ವೀಪಗಳಿಂದ ಹೊರಟ ಅಮೆರಿಕದ ಬಿ-29 ಬಾಂಬರ್ ವಿಮಾನಗಳು ಟೋಕಿಯೊದ ಹೊರವಲಯದ ವಿಮಾನ ಎಂಜಿನ್ ಕಾರ್ಖಾನೆಗೆ ಗುರಿಯಿಟ್ಟವು. ಹಿಂಗಾಳಿಗೆ ಸಿಕ್ಕಿದ ವಿಮಾನಗಳು ಗುರಿಯಂತ್ರಕ್ಕೂ ನಿಲುಕದ ವೇಗದಲ್ಲಿ ಗುರಿ ದಾಟಿ ಓಡಿದವು, ಬಾಂಬುಗಳು ಎಲ್ಲೆಲ್ಲೋ ಬಿದ್ದವು. ಅದೇ ತಿಂಗಳು ಜಪಾನ್ ಅದೇ ಗಾಳಿಗೆ ಬಾಂಬು ಕಟ್ಟಿದ ಬಲೂನುಗಳನ್ನು ಬಿಟ್ಟು ಅಮೆರಿಕದತ್ತ ತೇಲಿಸುತ್ತಿತ್ತು. ಓಯಿಶಿಯ ಲೆಕ್ಕವನ್ನು ತಾಯ್ನಾಡು ಮರೆತಿರಲಿಲ್ಲ.

ಯುದ್ಧ ಮುಗಿದ ಮೇಲೆ ಪ್ಯಾನ್ ಅಮೆರಿಕನ್ ವಿಮಾನಯಾನ ಕಂಪನಿ ಈ ಗಾಳಿಯನ್ನು ಬಾಡಿಗೆಯಿಲ್ಲದ ಎಂಜಿನ್‌ನಂತೆ ಬಳಸಿತು. ಟೋಕಿಯೊ–ಹೊನೊಲುಲು ಸುಮಾರು 6,200 ಕಿಲೋಮೀಟರ್. ನಡುವೆ ವೇಕ್ ದ್ವೀಪದಲ್ಲಿ ಇಂಧನಕ್ಕೆ ಇಳಿದು ಹೋಗಲು 18 ಗಂಟೆ ಹಿಡಿಯುತ್ತಿತ್ತು. 1952ರ ನವೆಂಬರ್‌ನಲ್ಲಿ ಸ್ಟ್ರಾಟೊಕ್ರೂಸರ್ ವಿಮಾನ 25,000 ಅಡಿಗೇರಿ ಆ ಪ್ರವಾಹದೊಳಗೆ ನುಸುಳಿತು. ವೇಕ್‌ನಲ್ಲಿ ಇಳಿಯದೆ, ಹನ್ನೊಂದೂವರೆ ಗಂಟೆಯಲ್ಲಿ ಹೊನೊಲುಲು ತಲುಪಿತು.

ಉಷ್ಣವಲಯದ ಬಿಸಿಗಾಳಿಗೂ ಧ್ರುವದ ತಣ್ಣನೆಯ ಗಾಳಿಗೂ ನಡುವಿನ ಅಂತರದಿಂದ ಎತ್ತರದಲ್ಲಿ ಒತ್ತಡದ ಇಳಿಜಾರು ಉಂಟಾಗುತ್ತದೆ. ಧ್ರುವದತ್ತ ಹರಿಯಹೊರಟ ಗಾಳಿಯನ್ನು ತಿರುಗುವ ಭೂಮಿ ಪೂರ್ವಕ್ಕೆ ಹೊರಳಿಸುತ್ತದೆ. ಚಳಿಗಾಲದಲ್ಲಿ ಅಂತರ ಹೆಚ್ಚು, ಗಾಳಿಯ ಬಿರುಸೂ ಹೆಚ್ಚು. ಇದೇ ಜೆಟ್ ಸ್ಟ್ರೀಮ್. ಹೊನೊಲುಲುವಿನಿಂದ ಟೋಕಿಯೊಗೆ ಮರಳುವ ವಿಮಾನ ಇದಕ್ಕೆ ಎದುರಾಗಿ ಹಾರಬೇಕು; ಹಾಗಾಗಿ ದೂರ ಅಷ್ಟೇ ಆದರೂ ಇಂದಿಗೂ ಬರುವ ದಾರಿಗೆ ಹೆಚ್ಚು ಹೊತ್ತು ಬೇಕು.