ಕರುವಿಗೆ ಬರೆ, ಕೌಬಾಯ್‌ಗೆ ಕಳ್ಳನ ಪಟ್ಟ

ಕೌಬಾಯ್ ಎಂದೊಡನೆ ಕಣ್ಣಿಗೆ ಕಟ್ಟುವುದು ಅಗಲ ಟೋಪಿ, ಸೊಂಟದಲ್ಲೊಂದು ಪಿಸ್ತೂಲು, ಧೂಳೆಬ್ಬಿಸುವ ಕುದುರೆ. ದ್ವಾರಕೀಶರ ‘ಕೌಬಾಯ್ ಕುಳ್ಳ’ ಇರಲಿ, ಹಾಲಿವುಡ್ಡಿನ ಚಿತ್ರಗಳಿರಲಿ, ಅವನು ಗುಂಡು ಹಾರಿಸುವುದನ್ನು ನೋಡಿದ್ದೇವೆಯೇ ಹೊರತು ದನ ಕಾಯುವುದನ್ನು ನೋಡಿದ್ದು ಕಡಿಮೆ. ಅವನಿಗೆ ಸಂಬಳ ಕೊಡುತ್ತಿದ್ದವರು ಯಾರು, ಅವನು ತನ್ನದೇ ನಾಲ್ಕು ಹಸು ಮಾಡಿಕೊಂಡರೆ ಏನಾಗುತ್ತಿತ್ತು? ಇದಕ್ಕೆ ಉತ್ತರ ಬೇಕಾದರೆ ಅಮೆರಿಕದ ವಯೋಮಿಂಗ್ ರಾಜ್ಯದ ಜಾನ್ಸನ್ ಕೌಂಟಿಗೆ, 1892ರ ಏಪ್ರಿಲ್‌ಗೆ ಹೋಗಬೇಕು. ಸಾಹುಕಾರರಿಗೂ ಸಣ್ಣ ದನಗಾರರಿಗೂ ಅಲ್ಲಿ ನಡೆದ ಕಾದಾಟದ ಸುತ್ತ ಹುಟ್ಟಿದಷ್ಟು ಕಟ್ಟುಕಥೆ ಬೇರೆಲ್ಲೂ ಹುಟ್ಟಿರಲಾರದು.

ನಂಬಿಕೆ: ಕೌಬಾಯ್ ಯಾರ ಹಂಗೂ ಇಲ್ಲದ ಸ್ವತಂತ್ರ ಜೀವಿ.

ಅವನು ಸಂಬಳದ ಆಳು. ತಿಂಗಳಿಗೆ 25ರಿಂದ 40 ಡಾಲರ್, ಮೇಲೆ ಊಟ. ಜೀನು ಅವನದು, ಕುದುರೆ ಸಾಮಾನ್ಯವಾಗಿ ಧಣಿಯದು. ಟೆಕ್ಸಸ್‌ನಿಂದ ಉತ್ತರಕ್ಕೆ 2,000–3,000 ದನಗಳ ಹಿಂಡನ್ನು ಹತ್ತು ಹನ್ನೆರಡು ಮಂದಿ ಹೊಡೆದುಕೊಂಡು ಹೋಗುತ್ತಿದ್ದರು. ರಾತ್ರಿ ಪಾಳಿಯಲ್ಲಿ ಹಿಂಡು ಬೆದರದಿರಲೆಂದು ಸಣ್ಣ ದನಿಯಲ್ಲಿ ಹಾಡುತ್ತ ಸುತ್ತು ಹಾಕಬೇಕು. ಇವರೆಲ್ಲ ಬಿಳಿಯರೇ ಎಂಬುದೂ ಸಿನಿಮಾದ ಮಾತು. ನಾಲ್ವರಲ್ಲಿ ಒಬ್ಬ ಕಪ್ಪು ಜನಾಂಗದವನಿದ್ದಿರಬೇಕೆಂದು ಇತಿಹಾಸಕಾರರ ಅಂದಾಜು. ಮೆಕ್ಸಿಕೋದವರೂ ಬಹಳ ಇದ್ದರು. ಹಗ್ಗದ ಕುಣಿಕೆಯ ವಿದ್ಯೆ ಬಂದದ್ದೇ ಅವರಿಂದ. ಪಿಸ್ತೂಲಿನ ವಿಷಯಕ್ಕೆ ಬಂದರೆ, ಡಾಜ್ ಸಿಟಿಯಂಥ ಊರುಗಳಲ್ಲಿ ಅದನ್ನು ಹಿಡಿದು ತಿರುಗುವುದೇ ನಿಷಿದ್ಧವಾಗಿತ್ತು.

ಚಳಿಗಾಲ ಬಂತೆಂದರೆ ಬಹಳಷ್ಟು ಜನರಿಗೆ ಕೆಲಸವಿಲ್ಲ. 1886ರಲ್ಲಿ ಧಣಿಗಳು ಸಂಬಳಕ್ಕೂ ಕತ್ತರಿ ಹಾಕಿದಾಗ ವಯೋಮಿಂಗ್‌ನ ಕೌಬಾಯ್‌ಗಳು ದನ ಒಟ್ಟುಗೂಡಿಸುವ ಹಂಗಾಮಿನಲ್ಲೇ ಮುಷ್ಕರ ಹೂಡಿದರು. ಮುಂದಾಳು ಜ್ಯಾಕ್ ಫ್ಲ್ಯಾಗ್ ಎಂಬಾತನ ಹೆಸರು ಕಪ್ಪುಪಟ್ಟಿ ಸೇರಿತು. ಹಾಗೆ ಕೆಲಸ ಕಳೆದುಕೊಂಡವರೇ ಸ್ವಂತಕ್ಕೆ ಒಂದಿಷ್ಟು ದನ ಕಟ್ಟಿದರು. ನಿನ್ನೆಯ ಆಳು ಇವತ್ತಿನ ಸಣ್ಣ ದನಗಾರನಾದ. ಕೌಬಾಯ್ ಬೇರೆ, ಸಣ್ಣ ದನಗಾರ ಬೇರೆ ಎಂದು ಗೆರೆ ಎಳೆದರೆ ಜಾನ್ಸನ್ ಕೌಂಟಿಯ ಜಗಳ ಅರ್ಥವೇ ಆಗುವುದಿಲ್ಲ.

ನಂಬಿಕೆ: ಸಾಹುಕಾರರು ತಮ್ಮ ಜಮೀನನ್ನು ಕಾಪಾಡಿಕೊಂಡರು.

ಅವರದು ಎನ್ನಲು ಅಲ್ಲಿ ಜಮೀನೇ ಅಷ್ಟಾಗಿ ಇರಲಿಲ್ಲ. ಹುಲ್ಲುಗಾವಲು ಸರ್ಕಾರದ್ದು, ನಮ್ಮ ಗೋಮಾಳದ ಹಾಗೆ ಯಾರ ದನವಾದರೂ ಮೇಯಬಹುದಿತ್ತು. ಅದಕ್ಕೂ ಹಿಂದೆ ಪೌಡರ್ ನದಿಯ ಆ ಸೀಮೆ ಲಕೋಟಾ, ಶೆಯೆನ್ ಬುಡಕಟ್ಟುಗಳದು. 1876–77ರ ಯುದ್ಧದಲ್ಲಿ ಅವರನ್ನು ಹೊರದಬ್ಬಿದ ಮೇಲೆಯೇ ದನದ ಹಿಂಡುಗಳು ಒಳಬಂದದ್ದು. 1862ರ ಹೋಮ್‌ಸ್ಟೆಡ್ ಕಾಯ್ದೆಯಂತೆ ಯಾರು ಬೇಕಾದರೂ 160 ಎಕರೆಗೆ ಅರ್ಜಿ ಹಾಕಿ, ಐದು ವರ್ಷ ನೆಲೆಸಿ ಸಾಗುವಳಿ ಮಾಡಿ ಹಕ್ಕು ಪಡೆಯಬಹುದಿತ್ತು. ಹಾಗೆ ಬಂದವನು ಹೊಳೆಯಂಚಿನ ತುಂಡನ್ನೇ ಹಿಡಿದು ಮುಳ್ಳುತಂತಿ ಎಳೆದರೆ ಸಾಹುಕಾರನ ಸಾವಿರಾರು ದನಕ್ಕೆ ನೀರಿಲ್ಲ. ಕಾನೂನು ಬಂದವನ ಕಡೆಗಿತ್ತು. ಸಾಹುಕಾರರ ಸಿಟ್ಟಿನ ಬೇರು ಇಲ್ಲಿದೆ.

ನಂಬಿಕೆ: ದನಗಳ್ಳರಿಂದಲೇ ದೊಡ್ಡ ಕಂಪನಿಗಳು ಮುಳುಗಿದವು.

ಕಳ್ಳತನ ಇರಲಿಲ್ಲವೆಂದಲ್ಲ. ಇತ್ತು, ಸ್ಥಳೀಯ ಜ್ಯೂರಿಗಳು ಆರೋಪಿಗಳನ್ನು ಬಿಟ್ಟುಬಿಡುತ್ತಿದ್ದುದೂ ನಿಜ. ಆದರೆ ಮುಳುಗಿಸಿದ್ದು ಲೆಕ್ಕದ ಪುಸ್ತಕ. 1880ರ ದಶಕದ ಆರಂಭದಲ್ಲಿ ಎಡಿನ್‌ಬರೊ, ಲಂಡನ್‌ಗಳ ಹಣ ವಯೋಮಿಂಗ್‌ಗೆ ಹರಿದುಬಂತು. ಬಯಲಲ್ಲಿ ಚೆದುರಿದ ದನ ಎಣಿಸುವ ಗೋಜಿಗೆ ಹೋಗದೆ, ಇಷ್ಟು ಹಸು ಇದ್ದರೆ ವರ್ಷಕ್ಕೆ ಇಷ್ಟು ಕರು ಎಂದು ಕಾಗದದ ಮೇಲೆ ಗುಣಿಸಿ, ಆ ಅಂಕಿಯ ಮೇಲೆಯೇ ಹಿಂಡುಗಳನ್ನು ಮಾರುತ್ತಿದ್ದರು, ಕೊಳ್ಳುತ್ತಿದ್ದರು. ಹುಲ್ಲು ತಾಳಲಾರದಷ್ಟು ದನ ತುಂಬಿತು. 1886ರ ಬೇಸಿಗೆ ಒಣಗಿತು; ಹಿಂದೆಯೇ ಬಂದ ಚಳಿಗಾಲದಲ್ಲಿ ಹಿಮದಡಿಯ ಹುಲ್ಲು ಸಿಗದೆ ದನಗಳು ಬೇಲಿಗಳಿಗೆ ಆತುಕೊಂಡೇ ರಾಶಿ ರಾಶಿ ಸತ್ತವು. ದೈತ್ಯನೆನಿಸಿದ್ದ ಸ್ವಾನ್ ಕಂಪನಿ 1887ರಲ್ಲಿ ದಿವಾಳಿ. ಪೌಡರ್ ನದಿಯ ಕಂಪನಿ ಕಟ್ಟಿದ ಮೋರ್ಟನ್ ಫ್ರೂವೆನ್‌ನದೂ ಅದೇ ಗತಿ. ವಿನ್‌ಸ್ಟನ್ ಚರ್ಚಿಲ್‌ಗೆ ದೊಡ್ಡಪ್ಪನಾಗಬೇಕಿದ್ದ ಈ ಮನುಷ್ಯ ಮುಂದೆ ಹೈದರಾಬಾದಿನ ಸಾಲಾರ್ ಜಂಗ್ ಪರವಾಗಿ ಓಡಾಡಿದ. ಪುಸ್ತಕದಲ್ಲಿದ್ದ ದನ ಬಯಲಲ್ಲಿ ಯಾಕಿಲ್ಲ ಎಂದು ಷೇರುದಾರರು ಕೇಳಿದಾಗ, “ಕಳ್ಳರು ಹೊಡೆದುಕೊಂಡು ಹೋದರು” ಎನ್ನುವುದಕ್ಕಿಂತ ಸಲೀಸಾದ ಉತ್ತರ ಇನ್ನೇನಿತ್ತು?

ಕಳ್ಳ ಯಾರೆಂದು ತೀರ್ಮಾನಿಸುವ ಅಧಿಕಾರವೂ ಸಾಹುಕಾರರ ಕೈಯಲ್ಲೇ ಇತ್ತು. 1884ರ ಮ್ಯಾವೆರಿಕ್ ಕಾಯ್ದೆಯ ಪ್ರಕಾರ ತಾಯಿಯಿಂದ ಬೇರ್ಪಟ್ಟ, ಒಡೆತನದ ಗುರುತಿನ ಬರೆ ಹಾಕದ ಕರುಗಳೆಲ್ಲ ವಯೋಮಿಂಗ್ ಸ್ಟಾಕ್ ಗ್ರೋವರ್ಸ್ ಅಸೋಸಿಯೇಷನ್ನಿನ ಸ್ವತ್ತು. ಅವುಗಳನ್ನು ಹರಾಜು ಹಾಕುವುದೂ ಅದೇ ಸಂಘ. ದನ ಸಾಕುವ ಕೌಬಾಯ್‌ಗೆ ಅದರ ಸದಸ್ಯರು ಕೆಲಸ ಕೊಡುತ್ತಿರಲಿಲ್ಲ. ನಿನ್ನೆಯವರೆಗೆ ಧಣಿಗಾಗಿ ಇಂಥ ಕರುಗಳನ್ನು ಹಿಡಿದು ಬರೆ ಹಾಕಿದರೆ ಅದು ಚುರುಕುತನ. ತನಗಾಗಿ ಹಾಕಿಕೊಂಡರೆ ಕಳ್ಳತನ.

ನಂಬಿಕೆ: ‘ಕ್ಯಾಟಲ್ ಕೇಟ್’ ಕದ್ದ ದನಕ್ಕೆ ಮೈ ಮಾರುತ್ತಿದ್ದ ಹೆಣ್ಣು.

ಷೈಯೆನ್ ನಗರದ ಪತ್ರಿಕೆಗಳು ಕಟ್ಟಿದ ಕಥೆ ಇದು. ಆ ಹೆಣ್ಣಿನ ನಿಜ ಹೆಸರು ಎಲ್ಲಾ ವಾಟ್ಸನ್; ಹೋಟೆಲಿನಲ್ಲಿ ಅಡುಗೆ ಕೆಲಸ ಮಾಡಿದವಳು. ಸ್ವೀಟ್‌ವಾಟರ್ ಕಣಿವೆಯಲ್ಲಿ ಜಮೀನಿಗೆ ಅರ್ಜಿ ಹಾಕಿ, ಸಣ್ಣದೊಂದು ಹಿಂಡು ಕಟ್ಟಿದ್ದಳು. ಅವಳು ಹಿಡಿದ ಹುಲ್ಲುಗಾವಲನ್ನು ಆಲ್ಬರ್ಟ್ ಬಾಥ್‌ವೆಲ್ ಎಂಬ ಸಾಹುಕಾರ ತನ್ನದೇ ಎಂಬಂತೆ ಬಳಸುತ್ತಿದ್ದ. 1889ರ ಜುಲೈ 20ರಂದು ಅವನೂ ಸೇರಿ ಆರು ದನಗಾರರು ಅವಳನ್ನೂ ಅವಳ ಸಂಗಾತಿ, ಅಂಚೆ ಅಧಿಕಾರಿ ಜೇಮ್ಸ್ ಎವೆರೆಲ್‌ನನ್ನೂ ಮರಕ್ಕೆ ನೇಣು ಹಾಕಿದರು. ಪ್ರತ್ಯಕ್ಷ ಸಾಕ್ಷಿ ನಾಪತ್ತೆಯಾದ. ವಿಚಾರಣೆ ನಡೆಯಲೇ ಇಲ್ಲ.

ನಂಬಿಕೆ: 1892ರಲ್ಲಿ ನಡೆದದ್ದು ಕಳ್ಳರ ಮೇಲೆ ಕಾನೂನಿನ ದಾಳಿ, ಇಲ್ಲವೇ ನೂರಾರು ವಲಸಿಗರ ಮಾರಣಹೋಮ.

ಮೊದಲನೆಯದು ಸಾಹುಕಾರರ ವಾದ. ಎರಡನೆಯದು 1980ರ ‘ಹೆವೆನ್ಸ್ ಗೇಟ್’ ಚಿತ್ರದ ಕೊಡುಗೆ. ನಡೆದದ್ದು ಇಷ್ಟು: ಏಪ್ರಿಲ್ 5ರಂದು ಸಾಹುಕಾರರೂ ಅವರ ಕಡೆಯವರೂ ಸೇರಿ ಸುಮಾರು ಐವತ್ತು ಜನ ಷೈಯೆನ್‌ನಿಂದ ವಿಶೇಷ ರೈಲು ಹತ್ತಿದರು. ಅವರಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಟೆಕ್ಸಸ್‌ನ ಬಾಡಿಗೆ ಬಂದೂಕುಗಾರರು. ಜೇಬಿನಲ್ಲಿ ಕೊಲ್ಲಬೇಕಾದವರ ಪಟ್ಟಿ. ಜೊತೆಗೆ ಒಬ್ಬ ವೈದ್ಯ, ಇಬ್ಬರು ಪತ್ರಕರ್ತರು! ಏಪ್ರಿಲ್ 9ರ ಬೆಳಗ್ಗೆ ಅವರು ಜಾನ್ಸನ್ ಕೌಂಟಿಯ ಕೆ.ಸಿ. ರ‍್ಯಾಂಚ್‌ನ ಮರದ ಮನೆಯನ್ನು ಸುತ್ತುವರಿದರು. ಒಳಗಿದ್ದವನು ನೇಟ್ ಚಾಂಪಿಯನ್; ಟೆಕ್ಸಸ್‌ನಿಂದ ಹಿಂಡಿನೊಡನೆ ಬಂದು, ಕೈಚಳಕಕ್ಕೆ ಹೆಸರಾಗಿ, ಆಮೇಲೆ ಸ್ವಂತ ದನ ಕಟ್ಟಿದ ಕೌಬಾಯ್. ಗೆಳೆಯ ನಿಕ್ ರೇ ಗುಂಡೇಟು ತಿಂದು ಸತ್ತ ಮೇಲೂ ಚಾಂಪಿಯನ್ ದಿನವಿಡೀ ಒಬ್ಬನೇ ಕಾದಾಡಿದ. ನಡುನಡುವೆ ಸಣ್ಣ ಪುಸ್ತಕವೊಂದರಲ್ಲಿ ಆಗುತ್ತಿರುವುದನ್ನೆಲ್ಲ ಬರೆದಿಟ್ಟ. ಮನೆಗೆ ಬೆಂಕಿ ಇಟ್ಟಾಗ ಹೊರಗೋಡಿ ಗುಂಡಿಗೆ ಬಲಿಯಾದ. ಆ ಬರಹ ಹೊರಬಿದ್ದದ್ದು ದಾಳಿಕೋರರ ಜೊತೆಗೇ ಬಂದಿದ್ದ ಷಿಕಾಗೋ ಹೆರಾಲ್ಡ್ ವರದಿಗಾರನಿಂದ.

ಆ ದಿನ ಬಂಡಿಯಲ್ಲಿ ಅದೇ ದಾರಿಯಾಗಿ ಬಂದ ಜ್ಯಾಕ್ ಫ್ಲ್ಯಾಗ್ ಹೇಗೋ ತಪ್ಪಿಸಿಕೊಂಡ. ಸುದ್ದಿ ಬಫಲೊ ಊರು ಮುಟ್ಟಿ, ಶೆರಿಫ್ ರೆಡ್ ಆಂಗಸ್ ಕರೆಗೆ 200ಕ್ಕೂ ಹೆಚ್ಚು ಜನ ಎದ್ದುಬಂದು ದಾಳಿಕೋರರನ್ನೇ ಟಿ.ಎ. ರ‍್ಯಾಂಚ್‌ನಲ್ಲಿ ಮುತ್ತಿದರು. ಕಾನೂನು ಯಾವ ಕಡೆಗಿತ್ತೆಂದು ಬೇರೆ ಹೇಳಬೇಕಿಲ್ಲ. ಹಂಗಾಮಿ ಗವರ್ನರ್ ಅಧ್ಯಕ್ಷ ಹ್ಯಾರಿಸನ್‌ಗೆ ತಂತಿ ಹೊಡೆದರು. ಏಪ್ರಿಲ್ 13ರಂದು ಅಶ್ವದಳ ಬಂದು ಸಾಹುಕಾರರ ಜೀವ ಉಳಿಸಿತು. ಇಡೀ ದಾಳಿಯಲ್ಲಿ ಸಣ್ಣ ದನಗಾರರ ಕಡೆ ಸತ್ತವರು ಇಬ್ಬರು. ಬಾಡಿಗೆ ಬಂದೂಕುಗಾರರಲ್ಲೂ ಇಬ್ಬರು ಸತ್ತರು, ತಮ್ಮದೇ ಬಂದೂಕು ಆಕಸ್ಮಿಕವಾಗಿ ಸಿಡಿದು.

ಕೆ.ಸಿ. ರ‍್ಯಾಂಚ್‌ನಲ್ಲಿ ಕಂಡದ್ದನ್ನು ಹೇಳಬಲ್ಲ ಇಬ್ಬರು ಬೇಟೆಗಾರರನ್ನು ರಾಜ್ಯದಿಂದಲೇ ಸಾಗಹಾಕಲಾಯಿತು. ಬಡ ಕೌಂಟಿಗೆ ಮೊಕದ್ದಮೆಯ ಖರ್ಚು ಭರಿಸುವ ಶಕ್ತಿ ಇರಲಿಲ್ಲ. 1893ರ ಜನವರಿಯಲ್ಲಿ ಕೇಸು ವಜಾ ಆಯಿತು. 1902ರಲ್ಲಿ ಓವನ್ ವಿಸ್ಟರ್‌ನ ‘ದಿ ವರ್ಜಿನಿಯನ್’ ಕಾದಂಬರಿ ಸಾಹುಕಾರರ ಪರ ನಿಂತು ನೇಣು ಹಾಕುವವನನ್ನೇ ನಾಯಕನನ್ನಾಗಿಸಿತು. ಮುಂದಿನ ಕೌಬಾಯ್ ಕಥೆಗಳೆಲ್ಲ ಅದರ ನೆರಳಲ್ಲೇ ಬೆಳೆದವು. ಮತದಾರರೇನೋ 1892ರ ಚುನಾವಣೆಯಲ್ಲಿ ಸಿಟ್ಟು ತೋರಿಸಿ ರಿಪಬ್ಲಿಕನ್ನರನ್ನು ಸೋಲಿಸಿದ್ದರು. ದಾಳಿಕೋರರ ನೆರವಿಗೆ ನಿಂತಿದ್ದ ಸೆನೆಟರ್ ಫ್ರಾನ್ಸಿಸ್ ವಾರೆನ್ ಅದರಿಂದಾಗಿ ಹುದ್ದೆ ಕಳೆದುಕೊಂಡರು. 1895ರಲ್ಲಿ ಮರಳಿ ಬಂದವರು 1929ರಲ್ಲಿ ಸಾಯುವವರೆಗೂ ಸೆನೆಟರ್ ಆಗಿಯೇ ಇದ್ದರು.